ಹಿಡಿದುದನ್ನು ಬಿಡಲು ನಾಯಿಗೆ ಕಲಿಸುವ ಬಗೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ಬಹುಮಂದಿ ಕನ್ನಡಿಗರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು, ಮೆಚ್ಚಿದ ಒಡೆಯನಲ್ಲಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಮಡಿದವು. ಕಾಳಿಯ ನೆನಪಿಗಾಗಿ ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದನು. ಪ್ರಾಣ ಹೋದರೂ ಹಿಂದೆಗೆಯದ ಆ ಗುಣವನ್ನು ನಮ್ಮ ಪೂರ್ವಿಕರು ವೀರಗುಣವೆಂದು ಪೂಜಿಸಿದರು.

ಅದೇ ಗುಣ ಇಂದು ನಮ್ಮ ಮನೆಯ ಹಜಾರದಲ್ಲಿ ರಬ್ಬರ್ ಚೆಂಡನ್ನು ಕಚ್ಚಿ ನಿಂತಿರುತ್ತದೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ, ಗದರಿಸಿದರೆ ಓಡಿಹೋಗುತ್ತದೆ. ಚೆಂಡನ್ನು ಕಿತ್ತುಕೊಳ್ಳಲು ಮಗುವೊಂದು ಕೈ ಚಾಚಿತೆಂದರೆ ಅನಾಹುತಕ್ಕೆ ಕ್ಷಣಮಾತ್ರ ಸಾಕು. ಇಂತಹ ಉತ್ಸಾಹಿ ನಾಯಿಗೆ ‘ಬಿಡು’ ಎಂಬ ಒಂದೇ ಮಾತನ್ನು ಕಲಿಸುವ ಬಗೆಯನ್ನೂ, ಅದಕ್ಕೂ ಮನೆಮಂದಿಯ ಆರೋಗ್ಯಕ್ಕೂ ಇರುವ ನಂಟನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಭೋರ್ ಮತ್ತು ಮುಧೋಳ

ನೀರಾ ನದಿಯ ದಡದ ನಮ್ಮ ಭೋರ್ ಪಟ್ಟಣಕ್ಕೂ ಕರ್ನಾಟಕದ ಮುಧೋಳಕ್ಕೂ ಹಳೆಯ ಸಂಬಂಧವಿದೆ. ಭೋರ್ ಪಂತ ಸಚಿವರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಎರಡೂ ಡೆಕ್ಕನ್ ಸಂಸ್ಥಾನಗಳ ಸಾಲಿಗೆ ಸೇರಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಮುಧೋಳ ಮೈಸೂರು ರಾಜ್ಯಕ್ಕೆ ಬಂದಿತು, ಭೋರ್ ಇತ್ತ ಉಳಿಯಿತು. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಮುಧೋಳ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ತೆಳುವಾದ ಮೈ, ಉದ್ದನೆಯ ಮೂತಿ, ಚುರುಕಾದ ದೃಷ್ಟಿಯುಳ್ಳ ಈ ಜಾತಿಯ ನಾಯಿಗಳನ್ನು ಮಹಾರಾಷ್ಟ್ರದಲ್ಲಿ ‘ಕಾರವಾನ್’ ಎಂದು ಕರೆಯುವುದುಂಟು.

ಕಾಡಿನಲ್ಲಿ ಬೇಟೆಯೆಂಬುದು ಒಂದು ಕ್ರಮದಲ್ಲಿ ಸಾಗುತ್ತದೆ: ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮಾನವನು ತಳಿಗಳನ್ನು ಬೆಳೆಸುವಾಗ ತನಗೆ ಬೇಕಾದ ಹಂತವನ್ನು ಬಲಪಡಿಸಿದನು. ಮುಧೋಳ ನಾಯಿಯಲ್ಲಿ ಅಟ್ಟುವುದು ಪ್ರಬಲ. ಲ್ಯಾಬ್ರಡಾರ್ ಹಿಡಿದುದನ್ನು ಮೃದುವಾಗಿ ಹೊತ್ತು ತರಬಲ್ಲದು. ಅಲ್ಸೇಷನ್ ಮತ್ತು ಬೆಲ್ಜಿಯಂ ದೇಶದ ಮಾಲಿನೋಯಿಸ್ ತಳಿಗಳಲ್ಲಿ ಹಿಡಿದು ನಿಲ್ಲುವ ಹಟವೇ ಪ್ರಧಾನ. ಬೆಂಗಳೂರಿನ ಸಮೀಪದ ತರಳುವಿನಲ್ಲಿರುವ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆಯಲ್ಲಿ ಮಾಲಿನೋಯಿಸ್ ನಾಯಿಗಳನ್ನು ಸಾಕಿ ಪಳಗಿಸುತ್ತಾರೆ. ಸ್ಫೋಟಕ ಹುಡುಕುವ ನಾಯಿಗಳಿಗೆ ಸಾಮಾನ್ಯವಾಗಿ ದೊರೆಯುವ ಸಂಬಳ ಒಂದು ಚೆಂಡು, ಅದರೊಡನೆ ಕ್ಷಣಕಾಲದ ಆಟ. ಆದ್ದರಿಂದ ಆಟಿಕೆಯ ಮೇಲಿನ ಹಂಬಲ ದೋಷವಲ್ಲ. ಕೆಲಸ ಕಲಿಸಲು ಅದೇ ಬಂಡವಾಳ. ಹಿಡಿಯುವುದು ಹುಟ್ಟಿನಿಂದ ಬಂದದ್ದು, ಬಿಡುವುದನ್ನು ಕಲಿಸಬೇಕು.

ನಾಯಿ ಏಕೆ ಬಿಡುವುದಿಲ್ಲ?

ಬಹುತೇಕ ಮನೆಗಳಲ್ಲಿ ಚೆಂಡನ್ನು ಕಸಿದುಕೊಂಡೊಡನೆ ಆಟ ಮುಗಿಯುತ್ತದೆ. ಚೆಂಡು ಕಪಾಟಿನ ಮೇಲೇರುತ್ತದೆ. ನಾಯಿಯ ಲೆಕ್ಕದಲ್ಲಿ ಬಿಡುವುದೆಂದರೆ ಶುದ್ಧ ನಷ್ಟ. ಬಿಡದೆ ಹಿಡಿದರೆ ಯಜಮಾನನು ಇನ್ನೂ ಎಳೆಯುತ್ತಾನೆ, ಆಟ ಬೆಳೆಯುತ್ತದೆ. ಓಡಿದರೆ ಮನೆಯವರೆಲ್ಲ ಬೆನ್ನಟ್ಟುತ್ತಾರೆ, ಆಟ ಇನ್ನೂ ಸೊಗಸಾಗುತ್ತದೆ. ಹೀಗೆ ಬಿಡದಿರುವುದನ್ನು ನಾವೇ ದಿನವೂ ಕಲಿಸುತ್ತಿರುತ್ತೇವೆ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದು ಹೊಸತಲ್ಲ. ಹಣ ಮರಳಿ ಬಾರದೆಂಬ ಸುದ್ದಿ ಹಬ್ಬಿದರೆ ಠೇವಣಿದಾರರು ಸಾಲುಗಟ್ಟಿ ನಿಂತು ಕೊನೆಯ ಕಾಸನ್ನೂ ಹಿಂತೆಗೆಯುತ್ತಾರೆ. ಕೇಳಿದವರಿಗೆಲ್ಲ ಹಣ ಸಿಗುತ್ತಿದೆಯೆಂದು ಕಂಡೊಡನೆ ಸಾಲು ಕರಗುತ್ತದೆ. ಒಪ್ಪಿಸಿದ ಆಟಿಕೆ ಮರಳಿ ಬರುವುದೆಂಬ ನಂಬಿಕೆ ಹುಟ್ಟಿದ ದಿನ ನಾಯಿಯ ದವಡೆಯೂ ಸಡಿಲಗೊಳ್ಳುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ಇದರ ಹಿಂದಿನ ತತ್ವವನ್ನು ವಿವರಿಸಿದನು. ತಾನಾಗಿ ಬಹಳ ಇಷ್ಟಪಟ್ಟು ಮಾಡುವ ಕೆಲಸವನ್ನು ಅಷ್ಟಾಗಿ ಇಷ್ಟವಿಲ್ಲದ ಕೆಲಸಕ್ಕೆ ಬಹುಮಾನವಾಗಿ ಇಡಬಹುದೆಂಬುದು ಅದರ ಸಾರ. ‘ಮೊದಲು ಮಗ್ಗಿ ಹೇಳು, ಆಮೇಲೆ ಆಟಕ್ಕೆ ಹೋಗು’ ಎನ್ನುವ ನಮ್ಮ ತಾಯಂದಿರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು.

ಕಲಿಸುವ ಕ್ರಮ

ಆಟಿಕೆ ಉದ್ದನೆಯ ಹಗ್ಗದ್ದಾಗಲಿ, ಹಗ್ಗ ಕಟ್ಟಿದ ಚೆಂಡಾಗಲಿ ಇರಲಿ; ಕೈಗೂ ಹಲ್ಲಿಗೂ ಅಂತರ ಉಳಿಯುತ್ತದೆ. ನುಂಗಿ ಗಂಟಲಿಗೆ ಸಿಕ್ಕುವಷ್ಟು ಚಿಕ್ಕ ಚೆಂಡು ಬೇಡ. ನಾಲ್ಕರಿಂದ ಆರು ತಿಂಗಳಲ್ಲಿ ಮರಿಗಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾರಣ ಆಗ ಜೋರಾಗಿ ಎಳೆಯಬಾರದು. ದೊಡ್ಡ ನಾಯಿಯೊಡನೆ ಆಡುವಾಗಲೂ ನೆಲಕ್ಕೆ ಸಮಾನಾಂತರವಾಗಿ ಎಳೆಯಬೇಕು. ಮೇಲಕ್ಕೆ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾದೀತು. ಬಿಸಿಲಿನಲ್ಲಿ ಆಟ ಸಲ್ಲದು, ಬೆಳಗು ಸಂಜೆಗಳೇ ಪ್ರಶಸ್ತ.

ಸ್ವಲ್ಪ ಹೊತ್ತು ಹುರುಪಿನಿಂದ ಎಳೆದಾಡಿದ ಬಳಿಕ ಆಟಿಕೆಯನ್ನು ನಿಮ್ಮ ಮೊಣಕಾಲಿಗೆ ಒತ್ತಿ ಹಿಡಿದು, ಕಲ್ಲಿನಂತೆ ನಿಶ್ಚಲರಾಗಿ, ಮೌನವಾಗಿ ನಿಲ್ಲಿರಿ. ಎಳೆಯುವವರಿಲ್ಲದ ಆಟಿಕೆ ಸತ್ತ ಬೇಟೆಯಂತೆ, ಅದರಲ್ಲಿ ಸ್ವಾರಸ್ಯವಿಲ್ಲ. ಮೊದಲ ಸಲ ಅರ್ಧ ನಿಮಿಷ, ಕೆಲವೊಮ್ಮೆ ಹೆಚ್ಚೂ ಹಿಡಿಯಬಹುದು. ಬಾಯಿ ತೆರೆದ ಕ್ಷಣದಲ್ಲೇ ‘ಶಾಭಾಸ್’ ಎಂದು ಹೇಳಿ, ತಡಮಾಡದೆ ಅದೇ ಆಟಿಕೆಯನ್ನು ಮರಳಿ ಕೊಟ್ಟು ಆಟವಾಡಿರಿ. ಒಂದು ಸರದಿಗೆ ಐದಾರು ಬಾರಿ ಸಾಕು. ನಿಶ್ಚಲವಾಗಿ ನಿಂತರೂ ಬಿಡದ ನಾಯಿಗೆ ಅಂಥದೇ ಇನ್ನೊಂದು ಆಟಿಕೆಯನ್ನು ತೋರಿಸಿ ಕುಣಿಸಿರಿ; ಹಳೆಯದನ್ನು ಬಿಟ್ಟೊಡನೆ ಹೊಸದನ್ನು ಎಸೆಯಿರಿ. ಮೂಗಿನ ಬಳಿ ತಿನಿಸು ಹಿಡಿದು ವಿನಿಮಯ ಮಾಡುವುದೂ ಉಂಟು. ಆದರೆ ಆಟದ ಹುಚ್ಚಿರುವ ನಾಯಿಗೆ ತಿನಿಸಿಗಿಂತ ಆಟವೇ ಹಿರಿದು.

ನೀವು ನಿಂತೊಡನೆ ನಾಯಿ ತಾನಾಗಿ ಬಿಡತೊಡಗಿದ ಮೇಲೆ ಮಾತ್ರ, ಅದು ಬಿಡುವುದಕ್ಕೆ ತುಸು ಮುಂಚೆ ‘ಬಿಡು’ ಎಂದು ಒಂದೇ ಸಲ, ಶಾಂತವಾಗಿ ಹೇಳಿರಿ. ಮಾತು ಮೊದಲು, ಕೈ ನಿಲ್ಲುವುದು ಅನಂತರ, ಎಂಬ ಕ್ರಮ ತಪ್ಪದಿರಲಿ. ಕ್ರಮೇಣ ಕೈ ನಿಲ್ಲುವ ಮುನ್ನವೇ ಮಾತಿಗೆ ಬಾಯಿ ತೆರೆಯುತ್ತದೆ. ಆಮೇಲೆ ಬಿಟ್ಟು ಕ್ಷಣಕಾಲ ಕುಳಿತಿರುವುದನ್ನು ಸೇರಿಸಬಹುದು. ಅನಂತರ ಅಂಗಳ, ಬೀದಿ, ಇತರ ನಾಯಿಗಳ ಸಮೀಪ ಎಂದು ಕಷ್ಟವನ್ನು ಹೆಚ್ಚಿಸಬಹುದು.

ಭೋರಿನಂತಹ ಊರುಗಳಲ್ಲಿ ಇಲ್ಲೊಂದು ವಿಶೇಷ ತೊಡಕಿದೆ. ತಂದೆ ‘ಬಿಡು’ ಎನ್ನುತ್ತಾರೆ, ತಾಯಿ ‘ಕೊಡು’ ಎನ್ನುತ್ತಾರೆ, ಮರಾಠಿ ಶಾಲೆಗೆ ಹೋಗುವ ಮಕ್ಕಳು ‘ಸೋಡ್’ ಎಂದು ಕೂಗುತ್ತಾರೆ. ನಾಯಿಗೆ ಭಾಷಾಭಿಮಾನವಿಲ್ಲ, ಯಾವ ಮಾತಾದರೂ ಅದಕ್ಕೆ ಸಮವೇ. ಆದರೆ ಮನೆಮಂದಿಯೆಲ್ಲ ಒಂದೇ ಮಾತನ್ನು ಆರಿಸಿಕೊಂಡು ಅದಕ್ಕೇ ಬದ್ಧರಾಗಿರಬೇಕು.

ಮಾಡಬಾರದ ಕಾರ್ಯಗಳು

ದವಡೆಯನ್ನು ಬೆರಳಿನಿಂದ ಬಿಡಿಸುವುದು, ಕಿವಿ ಹಿಂಡುವುದು, ಮೂತಿಗೆ ಹೊಡೆಯುವುದು, ಕೊರಳಪಟ್ಟಿಯನ್ನು ಬಿಗಿಯುವುದು ಇವೆಲ್ಲ ತಾತ್ಕಾಲಿಕವಾಗಿ ಫಲಿಸಿದಂತೆ ಕಂಡರೂ, ಮನುಷ್ಯನ ಕೈ ತನ್ನ ವಸ್ತುವಿನ ಶತ್ರುವೆಂದು ನಾಯಿಗೆ ಕಲಿಸುತ್ತವೆ. ಹಾಗೆ ಕಲಿತ ನಾಯಿ ಕ್ರಮೇಣ ಮೂಳೆಯನ್ನೂ ಅನ್ನದ ತಟ್ಟೆಯನ್ನೂ ಕಾಯತೊಡಗುತ್ತದೆ. ವಸ್ತುವನ್ನು ಕಾಯುತ್ತ ಗುರ್ರೆಂದರೆ ಅದು ಎಚ್ಚರಿಕೆ; ಆ ಎಚ್ಚರಿಕೆಯನ್ನು ದಂಡಿಸಿದರೆ ಮುಂದೆ ಗುರ್ರೆನ್ನದೆಯೇ ಕಚ್ಚಬಹುದು. ಹಾಗೆ ಕಾಯುವ ನಾಯಿಯೊಡನೆ ಈ ಎಳೆದಾಟ ಬೇಡ. ಮೊದಲು ಪಶುವೈದ್ಯರ ಸಲಹೆ ಪಡೆಯುವುದು ಕ್ಷೇಮ.

ನಮ್ಮ ನೆರೆಯ ಮನೆಯೊಂದರಲ್ಲಿ ಎಂಟು ವರ್ಷದ ಬಾಲಕನು ಅಲ್ಸೇಷನ್ನಿನ ಬಾಯಿಂದ ಚೆಂಡನ್ನು ಕೀಳಲು ಹೋಗಿ ಬೆರಳಿಗೆ ಹಲ್ಲು ತಾಗಿಸಿಕೊಂಡನು. ನಾಯಿಗೆ ಕಚ್ಚುವ ಉದ್ದೇಶವಿರಲಿಲ್ಲ; ಜಾರುತ್ತಿದ್ದ ಚೆಂಡನ್ನು ಮರುಹಿಡಿಯುವಾಗ ನಡುವೆ ಬೆರಳಿತ್ತು. ಆಸ್ಪತ್ರೆಗೆ ಹೋಗಿ ಬಂದ ಮೇಲೆ ಮನೆಯವರು ನಾಯಿಯನ್ನು ಬೇರೆಯವರಿಗೆ ಕೊಡಲು ಹೊರಟಿದ್ದರು. ಮನೆಯ ಯಜಮಾನರು ಬೆಳಗು ಸಂಜೆ ಐದೈದು ನಿಮಿಷ ಮೇಲಿನ ಕ್ರಮವನ್ನು ಪಾಲಿಸಿದರು. ಮೂರನೆಯ ವಾರದಲ್ಲಿ ಆ ನಾಯಿ ಮಾತು ಕೇಳಿದೊಡನೆ ಚೆಂಡನ್ನು ಅವರ ಕಾಲಬಳಿ ಇಡತೊಡಗಿತು. ಈಗಲೂ ಅದು ಅದೇ ಮನೆಯಲ್ಲಿದೆ.

ಹಲ್ಲು ತಾಗಿದರೆ

ಆಟದಲ್ಲಿ ತಾಗಿದ ಹಲ್ಲೂ ಹಲ್ಲೇ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಅದನ್ನು ತಡೆಯಬಹುದು. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಮೆಣಸಿನಪುಡಿ, ಸುಣ್ಣ, ಅರಿಸಿನ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಸಾಕಿದ ನಾಯಿ, ಲಸಿಕೆಯಾಗಿದೆ ಎಂದು ಸುಮ್ಮನಿರದೆ ಅದೇ ದಿನ ವೈದ್ಯರನ್ನು ಕಾಣಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಅಗತ್ಯವನ್ನೂ ಅವರೇ ನಿರ್ಧರಿಸುತ್ತಾರೆ. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕಾದರೂ, ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದು.

ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯ ಇನ್ನೂ ಕೆಲವರಲ್ಲಿದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗ ತೋಳಿಗೆ ಕೊಡುವ ಲಸಿಕೆಯಿದೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ, ಸ್ನಾಯುವಿಗಾದರೆ 14ನೆಯ ದಿನವೂ ಸೇರಿ ಐದು ಬಾರಿ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಸಹ ಬೇಕಾಗುತ್ತದೆ. ನಾಯಿಗೆ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ಅನಂತರ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮರುಲಸಿಕೆ ಹಾಕಿಸುವುದು ಸಾಕುವವರ ಕರ್ತವ್ಯ.

‘ಬಿಡು’ ಕಲಿತ ನಾಯಿಯಿಂದ ಅದಕ್ಕೂ ಲಾಭವಿದೆ. ಬೀದಿಯಲ್ಲಿ ಕಚ್ಚಿದ ಕೋಳಿಮೂಳೆ, ಕೆಳಗೆ ಬಿದ್ದ ಅಜ್ಜಿಯ ರಕ್ತದೊತ್ತಡದ ಮಾತ್ರೆ, ಮಗುವಿನ ಚಾಕೊಲೇಟು ಇವೆಲ್ಲ ನಾಯಿಯ ಪ್ರಾಣಕ್ಕೆ ಕುತ್ತಾಗಬಲ್ಲವು. ಅಂತಹ ಸಮಯದಲ್ಲಿ ಓಡಿ ಹಿಡಿಯಲು ಅವಕಾಶವಿರುವುದಿಲ್ಲ, ಮಾತೊಂದೇ ಮುಟ್ಟುತ್ತದೆ. ಹಾಗೆ ಬಿಟ್ಟಾಗಲೂ ಪ್ರತಿಯಾಗಿ ಒಳ್ಳೆಯದೊಂದನ್ನು ಕೊಡಲು ಮರೆಯಬಾರದು.

ಕೊನೆಯದಾಗಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ನಾಯಿ ಎಷ್ಟೇ ಪಳಗಿದ್ದರೂ ಅದರ ಬಾಯಿಂದ ಏನನ್ನೂ ಕೀಳಬಾರದು, ಹಿರಿಯರನ್ನು ಕರೆಯಬೇಕು ಎಂದು ಮಕ್ಕಳಿಗೆ ಕಲಿಸಿರಿ. ನಾಯಿಗೆ ಬಿಡುವುದನ್ನು ಕಲಿಸುವ ಹೊಣೆ ಹಿರಿಯರದು. ಆ ಹೊಣೆಗೆ ದಿನಕ್ಕೆ ಹತ್ತು ನಿಮಿಷ ಸಾಕು.