‘ಧರ್ಮಕ್ಕೆ’ ಎಂದಷ್ಟೇ ಬರೆದ ಉಯಿಲು

ಉಯಿಲು ಅಥವಾ ಮರಣಶಾಸನವೆಂದರೆ, ಬರೆದವರು ಬದುಕಿರುವಷ್ಟು ಕಾಲ ಯಾರಿಗೂ ಯಾವ ಹಕ್ಕನ್ನೂ ಕೊಡದೆ, ಅವರ ಮರಣದ ನಂತರವಷ್ಟೇ ಜಾರಿಗೆ ಬರುವ ಪತ್ರ. ಅದರಲ್ಲಿ ದಾನದ ಮಾತು ಬಂದಾಗ, ಉಳಿದ ಆಸ್ತಿಯೆಲ್ಲ ಧರ್ಮಕ್ಕೆ ಸಲ್ಲತಕ್ಕದ್ದು ಎಂದು ಬರೆಸಿಬಿಟ್ಟರೆ ಸಾಕು, ಮುಂದಿನದನ್ನು ಹಿರಿಯರೋ ನ್ಯಾಯಾಲಯವೋ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಓದುಬರಹ ಬಲ್ಲವರಲ್ಲಿಯೂ ಗಟ್ಟಿಯಾಗಿ ಬೇರೂರಿದೆ. ಉಯಿಲಿನ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಖೇದಕರವಾದದ್ದು ಇದೇ. ಏಕೆಂದರೆ ಉಳಿದವು ಹೆಚ್ಚೆಂದರೆ ಖರ್ಚನ್ನೂ ಅಲೆದಾಟವನ್ನೂ ತರುತ್ತವೆ, ಇದು ದಾನವನ್ನೇ ಇಲ್ಲವಾಗಿಸುತ್ತದೆ.

ಈ ಪ್ರಶ್ನೆ ಇತ್ಯರ್ಥವಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತದ ಮೊಕದ್ದಮೆಗಳ ಕೊನೆಯ ಮೇಲ್ಮನವಿಯನ್ನು ಲಂಡನ್ನಿನಲ್ಲಿ ಆಲಿಸುತ್ತಿದ್ದ ಪ್ರಿವಿ ಕೌನ್ಸಿಲ್, ಮುಂಬಯಿಯಿಂದ ಹೋದ ರಣಛೋಡ್‌ದಾಸ್ ವಿರುದ್ಧ ಪಾರ್ವತಿಬಾಯಿ ಎಂಬ ಪ್ರಕರಣದಲ್ಲಿ, ‘ಧರ್ಮ’ಕ್ಕೆಂದು ಬಿಟ್ಟ ಆಸ್ತಿಯ ದಾನ ಅನಿಶ್ಚಿತತೆಯ ಕಾರಣದಿಂದ ಅಸಿಂಧುವೆಂದು 1899ರಲ್ಲಿ ತೀರ್ಪಿತ್ತಿತು. ವಿಲ್ಸನ್ ಎಂಬ ವಿದ್ವಾಂಸನ ನಿಘಂಟು ಆ ಪದಕ್ಕೆ ಕೊಡುವ ಕಾನೂನು, ಸದ್ಗುಣ, ನೈತಿಕ ಕರ್ತವ್ಯ ಮುಂತಾದ ಅರ್ಥಗಳನ್ನು ಮುಂದಿಟ್ಟುಕೊಂಡು, ಇಷ್ಟು ಅಗಲವಾದ ಉದ್ದೇಶವನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಲಾರದು, ಅದರ ಮೇಲೆ ಉಸ್ತುವಾರಿ ನಡೆಸಲಾರದು ಎಂದು ಅದು ಕಂಡಿತು. ನಿಶ್ಚಿತವಾದ ಆಶಯವನ್ನು ವ್ಯಕ್ತಪಡಿಸದ ಉಯಿಲು ಅಥವಾ ಅದರ ಭಾಗ ನಿರರ್ಥಕವೆಂದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 89ನೆಯ ಕಲಮೂ ಹೇಳುತ್ತದೆ.

ಧರ್ಮವೆಂದರೆ ಏನೆಂದು ಊರಿಗೆಲ್ಲ ತಿಳಿದಿದೆಯಲ್ಲ ಎಂದು ಇದಕ್ಕೆ ಆಕ್ಷೇಪಿಸುವವರು ಕನ್ನಡದಲ್ಲಿಯೇ ಆ ಪದ ಹೇಗೆ ನಡೆದಾಡುತ್ತದೆಂಬುದನ್ನು ಗಮನಿಸಬೇಕು. ಧರ್ಮಛತ್ರದಲ್ಲಿ ಅದು ದಾರಿಹೋಕರ ಆಶ್ರಯ, ಧರ್ಮಾಸ್ಪತ್ರೆಯಲ್ಲಿ ಬಡವರ ಚಿಕಿತ್ಸೆ, ಕುಲಧರ್ಮದಲ್ಲಿ ಮನೆತನದ ಆಚಾರ, ರಾಜಧರ್ಮದಲ್ಲಿ ಅರಸನ ಕರ್ತವ್ಯ. ಹಣ ಕೈಗೆ ಬಂದ ಬಂಧುವೊಬ್ಬನು ತನ್ನ ಮಗನ ಉಪನಯನವೂ ಧರ್ಮಕಾರ್ಯವೇ ಎಂದು ವಾದಿಸಿದರೆ, ಆ ಒಂದೇ ಪದವನ್ನು ಮುಂದಿಟ್ಟು ಅವನನ್ನು ತಡೆಯುವುದು ಕಷ್ಟ. ಹೀಗೆ ದಾನ ಬಿದ್ದುಹೋದಾಗ, ಉಳಿಕೆ ಆಸ್ತಿ ಯಾರಿಗೆಂದು ಉಯಿಲು ಬೇರೆ ಹೇಳಿರದಿದ್ದರೆ, ಅದು ಉಯಿಲೇ ಇಲ್ಲವೆಂಬಂತೆ ಕಾನೂನುಬದ್ಧ ವಾರಸುದಾರರಿಗೆ ಹಂಚಿಹೋಗುತ್ತದೆ. ಅಂದರೆ ಬರೆದವರು ಬೇಡವೆಂದು ಬದಿಗಿಟ್ಟ ಕೈಗಳಿಗೇ ಸೇರಬಹುದು.

ಇಂಥ ಪತ್ರವೊಂದನ್ನು ಬಿಡಿಸಿ ನೋಡಿದರೆ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಷೆಡ್ಯೂಲಿನಲ್ಲಿ ಜಮೀನಿನ ಸರ್ವೆ ನಂಬರು, ಎಕರೆ ಗುಂಟೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂಬ ಚೆಕ್ಕುಬಂದಿ, ಬಾವಿ, ತೆಂಗಿನ ಮರಗಳ ಸಂಖ್ಯೆ ಎಲ್ಲವೂ ಸಾಲುಸಾಲಾಗಿ ಬಂದಿರುತ್ತವೆ. ಪಡೆಯುವವರ ವಿವರ ಮಾತ್ರ ಒಂದೇ ಪದದಲ್ಲಿ ಮುಗಿದಿರುತ್ತದೆ. ಕೊಡುವ ವಸ್ತುವಿಗೆ ತೋರಿದ ಕಾಳಜಿಯ ಅರ್ಧದಷ್ಟನ್ನು ಪಡೆಯುವ ಸಂಸ್ಥೆಗೆ ತೋರಿದರೂ ಕೆಲಸ ಸುಸೂತ್ರವಾಗುತ್ತದೆ. ಜನರ ಬಾಯಲ್ಲಿರುವ ಹೆಸರಿಗೆ ಬದಲಾಗಿ ನೋಂದಣಿ ಪ್ರಮಾಣಪತ್ರದಲ್ಲಿರುವ ಹೆಸರು, ವಿಳಾಸ, ಹಣ ವಿನಿಯೋಗವಾಗಬೇಕಾದ ಕೆಲಸ (ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯ ಬಡ ಹೆಣ್ಣುಮಕ್ಕಳ ಪುಸ್ತಕದ ಖರ್ಚು ಎಂಬಷ್ಟು ಖಚಿತವಾಗಿ), ಆ ಸಂಸ್ಥೆ ಅಷ್ಟರಲ್ಲಿ ಮುಚ್ಚಿದ್ದರೆ ಯಾರಿಗೆ ಸಲ್ಲಬೇಕೆಂಬ ಮಾತು, ಇದನ್ನೆಲ್ಲ ನೆರವೇರಿಸಬೇಕಾದ ನಿರ್ವಾಹಕನ ಹೆಸರು ಉಯಿಲಿನಲ್ಲಿಯೇ ಇರಬೇಕು. ಹೆಸರಿಸಿದ ಸಂಸ್ಥೆ ಇಲ್ಲವಾದಾಗ ಅದಕ್ಕೆ ಹತ್ತಿರದ ಸದುದ್ದೇಶಕ್ಕೆ ಹಣವನ್ನು ತಿರುಗಿಸುವ ಅಧಿಕಾರ ನ್ಯಾಯಾಲಯಕ್ಕೆ ಉಂಟಾದರೂ, ಉಯಿಲಿನಲ್ಲಿ ಸಾರ್ವಜನಿಕ ಹಿತದ ವಿಶಾಲ ಆಶಯ ಸ್ಪಷ್ಟವಾಗಿ ಕಾಣಿಸಿದಾಗ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.

ಇತರ ನಂಬಿಕೆಗಳಿಗೆ ಇಷ್ಟು ವಿವರ ಬೇಕಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ; ಬರೆದವರ ರುಜು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಬೇಕು. ಸ್ವಯಾರ್ಜಿತ ಆಸ್ತಿಯನ್ನು ದಾನಕ್ಕೆ ಬಿಡಲು ಮಕ್ಕಳ ಒಪ್ಪಿಗೆ ಅಗತ್ಯವಿಲ್ಲ, ಪಿತ್ರಾರ್ಜಿತದಲ್ಲಿಯೂ ತನ್ನ ಪಾಲನ್ನು ಹಿಂದೂ ವ್ಯಕ್ತಿ ಉಯಿಲಿನ ಮೂಲಕ ಕೊಡಬಹುದೆಂದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 30ನೆಯ ಕಲಮು ಹೇಳುತ್ತದೆ. ಮುಸ್ಲಿಮರಲ್ಲಿ ಮಾತ್ರ, ವಾರಸುದಾರರು ಒಪ್ಪದ ಹೊರತು, ಮೂರನೆಯ ಒಂದು ಭಾಗದ ಮಿತಿಯಿದೆ. ಹತ್ತಿರದ ಬಂಧುಗಳಿರುವ ಕ್ರೈಸ್ತರು ಸಾವಿಗೆ 12 ತಿಂಗಳು ಮೊದಲೇ ಬರೆದಿಡದಿದ್ದರೆ ದಾನ ಸಲ್ಲದೆಂಬ ನಿಯಮ ಒಂದು ಕಾಲಕ್ಕೆ ನಿಜವಾಗಿಯೇ ಇತ್ತು. ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಅದನ್ನು ರದ್ದುಪಡಿಸಿತು. ಉಯಿಲಿನ ದಾನದಿಂದ ಮರಣ ತೆರಿಗೆ ಉಳಿಯುತ್ತದೆಂಬುದು ವಿದೇಶಗಳ ಮಾತು, ಇಲ್ಲಿ ಆ ತೆರಿಗೆ 1985ರಲ್ಲಿಯೇ ರದ್ದಾಗಿದೆ. ನೇತ್ರದಾನದ ಇಚ್ಛೆಯನ್ನು ಉಯಿಲಿನಲ್ಲಿ ಬರೆದು ಬೀರುವಿನಲ್ಲಿ ಇಡುವುದು ವ್ಯರ್ಥ, ಏಕೆಂದರೆ ಕಣ್ಣುಗಳನ್ನು ಸುಮಾರು 6 ಗಂಟೆಯೊಳಗೆ ಪಡೆಯಬೇಕಾಗುತ್ತದೆ, ಉಯಿಲು ತೆರೆಯುವುದು ಹದಿಮೂರನೆಯ ದಿನದ ಊಟ ಮುಗಿದ ಮೇಲೆ.

ಕಚೇರಿಯ ಜಗಲಿಯಲ್ಲಿ ಯಾರೋ ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಿ, ಒಂದು ಆಯುಷ್ಯದ ಗಳಿಕೆಯನ್ನು ಅದರ ಮೇಲೆ ನಿಲ್ಲಿಸುವ ಈ ಅಭ್ಯಾಸವನ್ನು ಪರಂಪರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಹಾಗೆ ಸಮರ್ಥಿಸುವವರು ತಮ್ಮೂರಿನ ಗುಡಿಯ ಮುಂದೆ ನಿಂತ ದಾನಶಾಸನವನ್ನು ಓದಿಸಿಕೊಂಡಿಲ್ಲವೆಂದೇ ಅರ್ಥ. ಚಾಲುಕ್ಯರ, ಹೊಯ್ಸಳರ ಕಾಲದ ಅಂಥ ಕಲ್ಲುಗಳಲ್ಲಿ ದಾನಿಯ ಹೆಸರು, ದಾನವನ್ನು ಸ್ವೀಕರಿಸಿದ ಆಚಾರ್ಯನ ಹೆಸರು, ಮತ್ತರುಗಳ ಲೆಕ್ಕದಲ್ಲಿ ಭೂಮಿ, ಅದರ ಎಲ್ಲೆಗಳು ಇರುತ್ತವೆ. ಅವುಗಳ ಜೊತೆಗೆ ಆ ಉತ್ಪನ್ನ ದೇವರ ನೈವೇದ್ಯಕ್ಕೋ, ನಂದಾದೀವಿಗೆಯ ಎಣ್ಣೆಗೋ, ತಪಸ್ವಿಗಳ ಆಹಾರದಾನಕ್ಕೋ, ಒಡೆದುಬಿದ್ದ ಕಟ್ಟಡದ ಜೀರ್ಣೋದ್ಧಾರಕ್ಕೋ ಎಂಬುದನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ.