ಸತೀಶರ ನಂತರದ ಪಸ್ತಾಪುರ

ಬೀದರ ಕಡೆಯವರಿಗೆ ಝರಾಸಂಗಮ ಗೊತ್ತು. ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಶ್ರಾವಣದಲ್ಲಿ, ಶಿವರಾತ್ರಿಯಲ್ಲಿ ಗಾಡಿ ಕಟ್ಟಿಕೊಂಡು ಹೋಗುವ ಕನ್ನಡದ ಮನೆಗಳು ಇಂದಿಗೂ ಬಹಳ. ಆದರೆ ಅದೇ ಸೀಮೆಯ ಮಾಚನೂರು, ಜಹೀರಾಬಾದಿನ ಮಗ್ಗುಲಲ್ಲೇ ಇರುವ ಪಸ್ತಾಪುರ ಎಂದರೆ ನಮ್ಮಲ್ಲಿ ಹೆಚ್ಚಿನವರು ಪ್ರಶ್ನಾರ್ಥಕವಾಗಿ ನೋಡುತ್ತಾರೆ. ಜಗತ್ತಿನ ಕಿರುಧಾನ್ಯದ ಚರ್ಚೆಗಳಲ್ಲಿ ಪದೇ ಪದೇ ಬಂದ ಹೆಸರುಗಳು ಇವು. ಇಲ್ಲಿಂದಲೇ ನಡೆಯುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ, ಜನರ ಬಾಯಲ್ಲಿ ಡಿಡಿಎಸ್, 1983ರಲ್ಲಿ ಹುಟ್ಟಿತು. ಅದನ್ನು ಕಟ್ಟಿ ನಾಲ್ಕು ದಶಕ ಮುನ್ನಡೆಸಿದವರು ಮೈಸೂರಿನವರು: ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. 2023ರ ಮಾರ್ಚ್ 19ರಂದು ಅವರು ತೀರಿಕೊಂಡಾಗ, ಹುಟ್ಟುಹಾಕಿದವರ ಹೆಸರಿನೊಂದಿಗೇ ಬೆಳೆದ ಪ್ರತಿಯೊಂದು ಸಂಸ್ಥೆಯ ಮುಂದೆ ಒಂದಲ್ಲ ಒಂದು ದಿನ ಬಂದು ನಿಲ್ಲುವ ಪ್ರಶ್ನೆ ಪಸ್ತಾಪುರದ ಮುಂದೆಯೂ ಬಂತು. ಇನ್ನು ಮುಂದೆ ಯಾರು?

ಈ ಸೀಮೆಯ ಹಿನ್ನೆಲೆ ಮೊದಲು ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಗಡಿ ಗೀಚಿದ ಮೇಲೆ ಇವೆಲ್ಲ ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ. ಧಾರೂರಿನಿಂದ ತಾಂಡೂರಿನ ತನಕ, ನ್ಯಾಲಕಲ್ಲಿನಿಂದ ನಾರಾಯಣಖೇಡದ ತನಕ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿದೆ. ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ಉರ್ದು, ಅಡುಗೆಮನೆಯಲ್ಲಿ ಕನ್ನಡ. ಊಟವಂತೂ ಗಡಿಯ ಎರಡೂ ಕಡೆ ಒಂದೇ: ಜೋಳದ ರೊಟ್ಟಿ, ಪುಂಡಿಪಲ್ಲೆ, ತೊಗರಿ ಬೇಳೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಜಹೀರಾಬಾದಿನ ಸುತ್ತ ಕೆಂಪು ಮುರುಂ ನೆಲ, ಕೆಲವೆಡೆ ಎರೆ. ಮಳೆ ಬಂದರೆ ಬೆಳೆ. ಇಂಥ ನೆಲದಲ್ಲಿ ಒಂದೆರಡು ಎಕರೆ ಬರಡು ಇಟ್ಟುಕೊಂಡು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ದಲಿತ ಹೆಣ್ಣುಮಕ್ಕಳೇ ಡಿಡಿಎಸ್‌ನ ಜೀವಾಳ.

ಸತೀಶ್ ಹುಟ್ಟಿದ್ದು 1945ರಲ್ಲಿ. ದೆಹಲಿಯಲ್ಲಿ ಪತ್ರಿಕೋದ್ಯಮ ಓದಿ ದೂರದರ್ಶನದಲ್ಲಿ ನಿರ್ಮಾಪಕರಾದರು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ಸೈಟ್ ಪ್ರಯೋಗದಲ್ಲಿ ಅವರು ದುಡಿದಿದ್ದರು. ಹಳ್ಳಿಗೆ ಪಟ್ಟಣದಿಂದ ಮಾತು ಸುರಿಯುವ ಆ ಕೆಲಸದಿಂದ ಬಂದವರು ಮುಂದೆ ಹಳ್ಳಿಯವರ ಕೈಗೇ ಕ್ಯಾಮೆರಾ, ಮೈಕು ಕೊಟ್ಟರು ಎಂಬುದು ನನಗೆ ಅವರ ಬದುಕಿನ ಬಹುದೊಡ್ಡ ಸಂಗತಿಯಾಗಿ ಕಾಣುತ್ತದೆ. ಗೆಳೆಯರೊಂದಿಗೆ ಸೇರಿ ಸೊಸೈಟಿ ಕಟ್ಟಿದರು. ಊರೂರಲ್ಲಿ ಹೆಂಗಸರ ಸಂಘಗಳು ಎದ್ದವು. ಸುಮಾರು 75 ಹಳ್ಳಿಗಳು, ಸುಮಾರು 5,000 ಹೆಂಗಸರು.

ಈ ಸಂಘಗಳು ಹೇಗೆ ನಡೆದವು ಎಂಬುದರಲ್ಲೇ ಮುಂದಿನ ಮುಖ್ಯಸ್ಥರ ಪ್ರಶ್ನೆಗೆ ಅರ್ಧ ಉತ್ತರವಿದೆ. ತೊಂಬತ್ತರ ದಶಕದ ನಡುವೆ ಶುರುವಾದ ಧಾನ್ಯ ನಿಧಿಯನ್ನೇ ನೋಡಿ. ಸರ್ಕಾರದ ಪಡಿತರ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಅಕ್ಕಿ, ಅದೂ ದೂರದ ನೀರಾವರಿ ಸೀಮೆಯದು. ಊರಿನ ಜೋಳಕ್ಕೆ ಬೆಲೆಯಿಲ್ಲ, ಊರಿನ ಹೊಲ ಬೀಳು. ಸಂಘದವರು ಕೇಂದ್ರ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವು ತಂದು ಬೀಳುಭೂಮಿಯವರಿಗೆ ಉಳುಮೆಗೆ, ಗೊಬ್ಬರಕ್ಕೆ, ಬೀಜಕ್ಕೆ ಸಾಲ ಕೊಟ್ಟರು. ಸಾಲ ತೀರಿಸುವುದು ದುಡ್ಡಿನಲ್ಲಲ್ಲ, ಜೋಳದಲ್ಲಿ, ವರ್ಷಾವರ್ಷ ಕಂತಿನಂತೆ. ಬಂದ ಜೋಳವನ್ನು ಊರಲ್ಲೇ ಕಣಜ ತುಂಬಿ, ಮಳೆಗಾಲದಲ್ಲಿ ಮನೆಯ ಕಾಳು ಮುಗಿದಾಗ ಕಡುಬಡವರಿಗೆ ಅಗ್ಗದ ದರಕ್ಕೆ ಅಳೆದು ಕೊಡುವುದು.

ಕಡುಬಡವರು ಯಾರು ಎಂದು ನಿರ್ಧರಿಸುವವರು ಯಾರು? ಇಲ್ಲಿ ತಹಶೀಲ್ದಾರರ ಪಟ್ಟಿ ನಡೆಯಲಿಲ್ಲ. ಊರವರು ಒಂದೆಡೆ ಕುಳಿತು ನೆಲದ ಮೇಲೆ ಊರಿನ ನಕ್ಷೆ ಬರೆದರು. ಪ್ರತಿ ಮನೆಗೂ ಗುರುತು ಹಾಕುತ್ತ, ಈ ಮನೆಯಲ್ಲಿ ದುಡಿಯುವ ಗಂಡಸಿಲ್ಲ, ಆ ಮನೆಯಲ್ಲಿ ಹೊಲವಿದೆ ಆದರೆ ಎತ್ತಿಲ್ಲ, ಇವಳು ಒಬ್ಬಂಟಿ, ಮೊಮ್ಮಕ್ಕಳು ಇವಳ ಮೇಲೇ ಇದ್ದಾರೆ ಎಂದು ಎಲ್ಲರೆದುರು ಚರ್ಚಿಸಿ ಮೆಟ್ಟಿಲು ಕಟ್ಟಿದರು. ತೀರ ಬಡವರಿಗೆ ಹೆಚ್ಚು ಸೇರು, ಅವರಿಗಿಂತ ಮೇಲಿನವರಿಗೆ ಕಡಿಮೆ. ಓದುಬರಹವಿಲ್ಲದ ಹೆಂಗಸರು ಸಾಲದ ಲೆಕ್ಕ ಇಟ್ಟರು, ವಸೂಲಿ ಮಾಡಿದರು, ಕಣಜದ ಕೀಲಿ ಇಟ್ಟುಕೊಂಡರು. ಇಂಥ ನಿರ್ಧಾರವನ್ನು ಹೆಡ್ಡಾಫೀಸಿನಿಂದ ಬಂದ ಅಧಿಕಾರಿ ತೆಗೆದುಕೊಂಡಿದ್ದರೆ ಅವನು ಹೋದ ದಿನ ಪದ್ಧತಿಯೂ ಹೋಗುತ್ತಿತ್ತು.

ಬೀಜದ ಕಥೆಯೂ ಹೀಗೆಯೇ. ನಮ್ಮ ಅಕ್ಕಡಿ ಸಾಲಿನ ಪದ್ಧತಿಯಂತೆ ಒಂದೇ ಎಕರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೆಳೆ ಹಾಕುವ ಹೆಂಗಸರು ಇಲ್ಲಿದ್ದಾರೆ: ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು, ಅಲಸಂದೆ, ಪುಂಡಿ, ಎಳ್ಳು. ಹಿಂಗಾರಿಯಲ್ಲಿ ಮಳೆಯಿಲ್ಲದೆ ಇಬ್ಬನಿಯ ತೇವಕ್ಕೇ ಬರುವ ಬೆಳೆಗಳನ್ನು ಅವರು ಸತ್ಯಂ ಪಂಟಲು, ಸತ್ಯದ ಬೆಳೆಗಳು, ಎನ್ನುತ್ತಾರೆ. ಬೀಜವನ್ನು ಬೂದಿ, ಬೇವಿನ ಸೊಪ್ಪಿನೊಂದಿಗೆ ಬುಟ್ಟಿಯಲ್ಲಿಟ್ಟು ಸೆಗಣಿ ಮೆತ್ತಿ ಕಾಯುತ್ತಾರೆ. ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಅದಕ್ಕಿಂತ ಹೆಚ್ಚು ತಂದು ಹಾಕಬೇಕು. ಪ್ರತಿ ಸಂಕ್ರಾಂತಿಗೆ ಬೀಜದ ಬುಟ್ಟಿ ಹೊತ್ತ ಎತ್ತಿನ ಬಂಡಿಗಳು ಊರೂರಿಗೆ ಹೊರಡುವ ಪಾತ ಪಂಟಲ ಜಾತರ, ಅಂದರೆ ಹಳೆಯ ಬೆಳೆಗಳ ಜಾತ್ರೆ, ಎರಡು ದಶಕಕ್ಕೂ ಮೀರಿ ನಡೆದುಕೊಂಡು ಬಂದಿದೆ.

ಮಾಚನೂರಿನ ಸಂಘಂ ರೇಡಿಯೊ ಇನ್ನೊಂದು ಉದಾಹರಣೆ. ಗಾಳಿಯ ತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ಹಳ್ಳಿಯ ಹೆಂಗಸರಿಗೆ ಮಾತ್ರ ಪರವಾನಗಿ ಸಿಗಲಿಲ್ಲ. ಯುನೆಸ್ಕೊ ನೆರವಿನಿಂದ ತೊಂಬತ್ತರ ದಶಕದ ಕೊನೆಗೇ ಸ್ಟುಡಿಯೊ ಸಿದ್ಧವಿದ್ದರೂ ಕಾರ್ಯಕ್ರಮ ಮುದ್ರಿಸಿ ಕ್ಯಾಸೆಟ್ಟು ಹೊತ್ತು ಸಂಘಗಳಲ್ಲಿ ಕೇಳಿಸುತ್ತಿದ್ದರು. 2006ರಲ್ಲಿ ನೀತಿ ಬದಲಾಯಿತು, 2008ರ ಅಕ್ಟೋಬರ್ 15ರಂದು ಪ್ರಸಾರ ಶುರುವಾಯಿತು. ನಡೆಸಿದವರು ಇಬ್ಬರು ನರಸಮ್ಮಂದಿರು, ಅಲ್ಗೋಲ್ ನರಸಮ್ಮ ಮತ್ತು ‘ಜನರಲ್’ ನರಸಮ್ಮ. ಡಿಡಿಎಸ್‌ನದೇ ಕಮ್ಯುನಿಟಿ ಮೀಡಿಯಾ ಟ್ರಸ್ಟಿನ ಹೆಂಗಸರು ವರಂಗಲ್ಲಿನ ಬಿಟಿ ಹತ್ತಿ ರೈತರ ಸಂಕಟದ ಬಗ್ಗೆ ಮಾಡಿದ ಚಿತ್ರಗಳು ಹೊರದೇಶಗಳಲ್ಲೂ ಪ್ರದರ್ಶನಗೊಂಡವು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಡಿಡಿಎಸ್‌ಗೆ ಬಂತು.

ಇಷ್ಟೆಲ್ಲ ಇದ್ದೂ ದೆಹಲಿಯ ಸಭೆಗೆ ಹೋಗಿ ವಾದ ಮಾಡಲು, ದಾನಿಗಳಿಗೆ ವರದಿ ಬರೆಯಲು, ಪತ್ರಿಕೆಯವರಿಗೆ ಉತ್ತರಿಸಲು ಒಬ್ಬರು ಬೇಕಾಗುತ್ತಾರೆ. ಸತೀಶ್ ಆ ಕೆಲಸ ಮಾಡಿದರು. ಕಿರುಧಾನ್ಯದ ರಾಷ್ಟ್ರೀಯ ಜಾಲದ ಸಂಚಾಲಕರಾಗಿ ಅವರು ದನಿಯೆತ್ತಿದರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಕಿಲೋಗೆ ಒಂದು ರೂಪಾಯಿಯ ದರದಲ್ಲಿ ಸಿರಿಧಾನ್ಯಕ್ಕೂ ಜಾಗ ಸಿಕ್ಕಿತು. ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷವೆಂದು ಸಾರಿದ 2023ರಲ್ಲೇ ಅವರು ಹೋದರು. ಇಂಥವರ ಜಾಗಕ್ಕೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಎಂಬಿಎ ಓದಿದವರು, ಹತ್ತು ವರ್ಷದ ಅನುಭವವುಳ್ಳವರು ಅರ್ಜಿ ಹಾಕಿ ಎಂದರೆ ಸಾಕೇ?

ಸಂಸ್ಥೆಯ ಚುಕ್ಕಾಣಿ ಯಾರ ಕೈಯಲ್ಲಿರಬೇಕು ಎಂಬ ಈ ಪ್ರಶ್ನೆಯನ್ನು ಎಲ್ಲರಿಗಿಂತ ತೀವ್ರವಾಗಿ ಎತ್ತಿದವರು ಎಚ್‌ಐವಿ ಸೋಂಕಿತರು. ಡಿಡಿಎಸ್ ಹುಟ್ಟಿದ 1983ರಲ್ಲೇ ಅಮೆರಿಕದ ಡೆನ್ವರಿನಲ್ಲಿ ಏಡ್ಸ್ ಪೀಡಿತರ ಒಂದು ಗುಂಪು ಒಟ್ಟುಗೂಡಿ, ನಮ್ಮ ಬಗ್ಗೆ ತೀರ್ಮಾನಿಸುವ ಪ್ರತಿಯೊಂದು ಹಂತದಲ್ಲೂ, ನಮಗೆ ಸೇವೆ ಕೊಡುವ ಸಂಸ್ಥೆಗಳ ಆಡಳಿತ ಮಂಡಳಿಯಲ್ಲೂ ನಾವಿರಬೇಕು ಎಂದು ಸಾರಿತು.

ಕರ್ನಾಟಕದಲ್ಲಿ ಈ ದಾರಿ ಹಿಡಿದವರಲ್ಲಿ ಮೈಸೂರಿನ ಆಶೋದಯ ಸಮಿತಿಯನ್ನು ಮರೆಯುವಂತಿಲ್ಲ. ಗೇಟ್ಸ್ ಪ್ರತಿಷ್ಠಾನದ ಆವಾಹನ್ ಎಂಬ ಎಚ್‌ಐವಿ ತಡೆ ಯೋಜನೆಯ ದಿನಗಳಲ್ಲಿ, 2005ರಲ್ಲಿ, ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಸೇರಿ ಕಟ್ಟಿದ ಸಂಘಟನೆ ಇದು. ಪದಾಧಿಕಾರಿಗಳು ಆ ಸಮುದಾಯದವರೇ. ತಪಾಸಣೆಗೆ ಹೆದರುವ ಗೆಳತಿಯ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ, ಪೊಲೀಸರೊಂದಿಗೆ ಮಾತನಾಡುವವರೂ ಅವರೇ. ಯೋಜನೆಯ ಹಣ ಒಂದು ದಿನ ನಿಂತಿತು, ಆವಾಹನ್ ಸರ್ಕಾರದ ಕೈಗೆ ಹೋಯಿತು, ಸಂಘಟನೆ ಉಳಿಯಿತು. ಹೊರಗಿನ ವೈದ್ಯರು, ಸಂಶೋಧಕರು ಜೊತೆಗಿದ್ದರು, ಈಗಲೂ ಇದ್ದಾರೆ. ಆದರೆ ನಾಳೆಯ ಮುಖ್ಯಸ್ಥೆಯನ್ನು ಹುಡುಕಲು ಅವರು ಊರ ಹೊರಗೆ ಹೋಗಬೇಕಾಗಿಲ್ಲ.

ಪಸ್ತಾಪುರಕ್ಕೂ ಮೈಸೂರಿಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಸಂಘದ ಹೆಂಗಸರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಲೆಕ್ಕಪತ್ರ, ಆದಾಯ ತೆರಿಗೆಯ ಕಾಗದ, ವಿದೇಶಿ ದೇಣಿಗೆಗಾಗಿ ಗೃಹ ಇಲಾಖೆಗೆ ಹಾಕುವ ಅರ್ಜಿ ಇವು ಕೈಗೆಟುಕುವಂಥವಲ್ಲ. ಆ ಕೆಲಸಕ್ಕೆ ಓದಿದವರು ಬೇಕೇ ಬೇಕು. ಓದಿದವರನ್ನು ತರಲು ಸಂಬಳ ಬೇಕು, ಅಲ್ಲೇ ಇನ್ನೊಂದು ಗಂಟು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿಯಾಗಿ, ಅಂಥ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇಕಡಾ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ಆ ಹಣ ದಾಟಿಸುವುದೂ ನಿಂತಿತು. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ, ಮುಖ್ಯಸ್ಥರ ಸಂಬಳ ಎಲ್ಲವೂ ಆ ಐದನೇ ಒಂದು ಪಾಲಿನಲ್ಲೇ ತೂಗಬೇಕು. ಬೀದರ, ಕಲಬುರಗಿ, ಜಹೀರಾಬಾದಿನಂಥ ಊರುಗಳ ಸ್ವಯಂಸೇವಾ ಸಂಸ್ಥೆಗಳು ಹೈದರಾಬಾದಿನ ಕಂಪನಿಯ ಸಂಬಳಕ್ಕೆ ಪೈಪೋಟಿ ಕೊಡುವುದು ಸಾಧ್ಯವಿಲ್ಲದ ಮಾತು. ಸಂಸ್ಥಾಪಕರು ಸಂಬಳವನ್ನು ನೋಡದೆ ದುಡಿದಿರುತ್ತಾರೆ. ಅವರ ನಂತರ ಬರುವವರಿಗೆ ಮಕ್ಕಳ ಶಾಲೆ, ಮನೆ ಸಾಲ ಇರುತ್ತದೆ. ಸಂಸ್ಥಾಪಕರ ಆ ತ್ಯಾಗವನ್ನು ಹೊಸಬರ ಅರ್ಹತೆಯ ಪಟ್ಟಿಯಲ್ಲಿ ಸೇರಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ದೇಣಿಗೆ ಕೊಡುವವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಸತೀಶರ ನಂತರ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ ಸಂಸ್ಥೆಯ ಪರವಾಗಿ ಮಾತನಾಡುತ್ತಿರುವವರು ದಿವ್ಯಾ ವೆಲುಗುರಿ. ಹೆಂಗಸರ ಸಂಸ್ಥೆಗೆ ಹೆಣ್ಣುಮಗಳೊಬ್ಬರು ನಿರ್ದೇಶಕಿ ಎಂಬುದು ಸಂತೋಷದ ವಿಷಯ. ಆದರೂ ಸಂಸ್ಥೆಯ ಭಾರವನ್ನೆಲ್ಲ ಒಬ್ಬರ ಹೆಗಲಿಗೆ ಹಾಕಿ ನೋಡುವುದು ತಪ್ಪು. ಕಣಜ, ಬೀಜದ ಬುಟ್ಟಿ, ರೇಡಿಯೊ, ಕ್ಯಾಮೆರಾ, ಡಿಡಗಿಯ ಕೃಷಿ ವಿಜ್ಞಾನ ಕೇಂದ್ರ, ಜಹೀರಾಬಾದಿನಲ್ಲಿ ಸಿರಿಧಾನ್ಯದ ಊಟ ಬಡಿಸುವ ಕೆಫೆ ಎತ್ನಿಕ್, ಇವು ಬೇರೆ ಬೇರೆ ಕೈಗಳಲ್ಲಿವೆ. ಒಬ್ಬರು ಹೋದರೆ ಎಲ್ಲವೂ ಒಟ್ಟಿಗೆ ನಿಲ್ಲುವುದಿಲ್ಲ.

ನನ್ನ ಆತಂಕವಿರುವುದು ಇನ್ನೊಂದು ತುದಿಯಲ್ಲಿ. ಸಂಘಗಳನ್ನು ಎಂಬತ್ತು, ತೊಂಬತ್ತರ ದಶಕದಲ್ಲಿ ಕಟ್ಟಿದ ಹೆಂಗಸರಿಗೆ ಈಗ ವಯಸ್ಸಾಗಿದೆ. ಅವರ ಸೊಸೆಯಂದಿರು, ಮೊಮ್ಮಕ್ಕಳು ಜಹೀರಾಬಾದಿನ ಕಾರ್ಖಾನೆಗೆ, ಹೈದರಾಬಾದಿನ ಅಂಗಡಿಗೆ ದುಡಿಯಲು ಹೋಗುತ್ತಾರೆ. ಯಾವ ಬೀಜವನ್ನು ಯಾವ ಸಾಲಿನಲ್ಲಿ ಯಾವ ಮಳೆಗೆ ಹಾಕಬೇಕು ಎಂಬ ತಿಳಿವಳಿಕೆ ಪುಸ್ತಕದಿಂದ ಬರುವುದಿಲ್ಲ, ಹೊಲದಲ್ಲಿ ಹಿರಿಯರ ಹಿಂದೆ ನಡೆದರೆ ಬರುತ್ತದೆ. ನಿರ್ದೇಶಕರನ್ನು ಹುಡುಕಲು ಸಮಿತಿ ಕೂಡುತ್ತದೆ, ಸಂದರ್ಶನ ನಡೆಯುತ್ತದೆ. ಬೀಜ ಕಾಯುವ ಮುಂದಿನ ಹೆಂಗಸನ್ನು ಹುಡುಕಲು ಸಮಿತಿ ಯಾವುದು? ಮಾಚನೂರಿನ ಪಚ್ಚಸಾಲೆ ಎಂಬ ಶಾಲೆಯಲ್ಲಿ ಪಾಠದ ಜೊತೆ ಹೊಲದ ಕೆಲಸವನ್ನೂ ಕಲಿಸುವ ಪ್ರಯತ್ನ ಈ ದಿಕ್ಕಿನದು. ಇಂಥವು ಹತ್ತಾರು ಬೇಕು. ಹೊಸ ನಿರ್ದೇಶಕಿಯ ಕೆಲಸವನ್ನು ಅಳೆಯುವವರು ತಂದ ದೇಣಿಗೆಯ ಮೊತ್ತಕ್ಕಿಂತ ಮೊದಲು ಇದನ್ನು ಕೇಳಬೇಕು: ಸಂಘಕ್ಕೆ ಮೂವತ್ತರ ಒಳಗಿನ ಎಷ್ಟು ಹೆಣ್ಣುಮಕ್ಕಳು ಬಂದರು, ಎಷ್ಟು ಮಂದಿ ಉಳಿದರು?

ಇದನ್ನೆಲ್ಲ ಕಣ್ಣಾರೆ ನೋಡಬಯಸುವವರಿಗೆ ಬೀದರಿನಿಂದ ಜಹೀರಾಬಾದಿಗೆ ಒಂದು ತಾಸಿನ ದಾರಿ. ಬೀಜದ ಬಂಡಿಗಳು ಸಂಕ್ರಾಂತಿಗೆ ಹೊರಟು ತಿಂಗಳ ಹೊತ್ತು ಹಳ್ಳಿಗಳಲ್ಲಿ ತಿರುಗುತ್ತವೆ. ಬಂಡಿ ನಿಂತ ಕಡೆ ರೈತರು, ಶಾಲೆಯ ಮಕ್ಕಳು, ನೆಂಟರಿಷ್ಟರು ಸೇರಿ ಬುಟ್ಟಿಗಳ ಮುಂದೆ ಕುಳಿತು ಮಾತನಾಡುತ್ತಾರೆ. ತೆಲುಗು ಬಾರದಿದ್ದರೆ ಹಿಂಜರಿಯಬೇಕಿಲ್ಲ. ನವಣೆಯ ತೆನೆ, ಕುಸುಬೆಯ ಕಾಳು ತೋರಿಸಿ ಕೇಳಿದರೆ ವಿವರಿಸುವವರಿದ್ದಾರೆ, ಅವರಲ್ಲಿ ಕನ್ನಡ ಬಲ್ಲವರೂ ಸಿಗುತ್ತಾರೆ.