ಚೌಲ

ಮಗುವಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಯಿಸುವ ಸಂಸ್ಕಾರಕ್ಕೆ ಚೌಲವೆಂದು ಹೆಸರು. ಜವಳವೆಂಬ ಮಾತೂ ಮನೆಗಳಲ್ಲಿ ಬಳಕೆಯಲ್ಲಿದೆ. ತಲೆಯನ್ನು ನುಣ್ಣಗೆ ಬೋಳಿಸುವುದೇ ಇದರ ಗುರಿಯೆಂದು ಅನೇಕರು ಭಾವಿಸಿರುವರು. ಹೆಸರು ಸೂಚಿಸುವುದಾದರೋ ಬೇರೆ. ಚೂಡಾ ಎಂದರೆ ಜುಟ್ಟು; ಚೂಡಾಕರಣವೆಂದರೆ ಜುಟ್ಟನ್ನು ಇಡಿಸುವುದು. ಚೌಲವೆಂಬುದೂ ಆ ಶಬ್ದದಿಂದಲೇ ಬಂದುದು. ಹಾಗಾಗಿ ತೆಗೆದ ಕೂದಲಿಗಿಂತ ಉಳಿಸಿದ ಕೂದಲೇ ಇಲ್ಲಿ ಪ್ರಧಾನವಾಗಿದ್ದಿತು. ಜುಟ್ಟು ಎಷ್ಟು, ತಲೆಯ ಯಾವ ಭಾಗದಲ್ಲಿ ಎಂಬುದನ್ನು ಋಷಿಪರಂಪರೆ ನಿರ್ಣಯಿಸುತ್ತಿದ್ದಿತು. ವಾಸಿಷ್ಠರಿಗೆ ಬಲಗಡೆಯಲ್ಲಿ, ಆಂಗಿರಸರಿಗೆ ಐದು ಕಡೆ. ಭೃಗುವಂಶದವರು ಮಾತ್ರ ಪೂರ್ತಿ ಬೋಳಿಸುತ್ತಿದ್ದರು. ಮಗುವಿನ ತಲೆಯನ್ನು ನೋಡಿದರೆ ವಂಶ ತಿಳಿಯುತ್ತಿದ್ದಿತೆನ್ನಬಹುದು.

ಒಂದನೆಯ ಅಥವಾ ಮೂರನೆಯ ವರ್ಷವೆಂದು ಮನುಸ್ಮೃತಿ ಹೇಳುತ್ತದೆ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಮೂರನೆಯ ವರ್ಷ, ಇಲ್ಲವೇ ಕುಲಾಚಾರವಿದ್ದಂತೆ. ಹಸುಳೆಯ ನೆತ್ತಿಯ ಮಿದುಭಾಗವು ಸಾಮಾನ್ಯವಾಗಿ ಎರಡು ವರ್ಷ ತುಂಬುವುದರೊಳಗೆ ಗಟ್ಟಿಯಾಗುವುದೆಂಬುದನ್ನು ಇದರೊಡನೆ ನೆನೆಯಬೇಕು. ನೆತ್ತಿಯ ಸುಳಿಯಿರುವೆಡೆಯನ್ನು ಸುಶ್ರುತನು ಅಧಿಪತಿಯೆಂಬ ಮರ್ಮವೆಂದು ಕರೆದು, ಅಲ್ಲಿ ಪೆಟ್ಟಾದರೆ ಪ್ರಾಣಹಾನಿಯೆಂದಿದ್ದಾನೆ. ಇದೇ ಕಾರಣವೆಂದು ನಾನು ಸಾಧಿಸಹೊರಟಿಲ್ಲ. ಆದರೆ ಕತ್ತಿಯ ಭಯವು ಈ ಕರ್ಮದ ಉದ್ದಕ್ಕೂ ಕಾಣುತ್ತದೆ.

ಆಶ್ವಲಾಯನನ ವಿಧಿಯನ್ನೇ ನೋಡೋಣ. ಅಗ್ನಿಯ ಉತ್ತರಕ್ಕೆ ಭತ್ತ, ಜವೆ, ಉದ್ದು, ಎಳ್ಳು ತುಂಬಿದ ಮಣ್ಣಿನ ಪಾತ್ರೆಗಳು. ಪಶ್ಚಿಮಕ್ಕೆ ತಾಯಿಯ ತೊಡೆಯ ಮೇಲೆ ಮಗು. ಹೊಸ ಪಾತ್ರೆಯೊಂದರಲ್ಲಿ ಎತ್ತಿನ ಸೆಗಣಿ. ಜೊತೆಗೆ ಬನ್ನಿಯ ಎಲೆ. ತಂದೆಯು ತಣ್ಣೀರು ಬಿಸಿನೀರುಗಳನ್ನು ಬೆರೆಸಿ ಕೂದಲನ್ನು ನೆನೆಸುವನು. ಕೂದಲಿಗೂ ಕತ್ತಿಗೂ ನಡುವೆ ದರ್ಭೆಯನ್ನಿಟ್ಟು, ಮಗುವನ್ನು ಕಾಪಾಡೆಂದು ದರ್ಭೆಯನ್ನೂ, ನೋಯಿಸಬೇಡವೆಂದು ಕತ್ತಿಯನ್ನೂ ಬೇಡುವನು. ಬಲಗಡೆ ನಾಲ್ಕು ಸಲ, ಎಡಗಡೆ ಮೂರು ಸಲ ಕತ್ತರಿಸುವನು. ಪ್ರತಿ ಸಲವೂ ಆ ಕೂದಲನ್ನು ಬನ್ನಿಯೆಲೆಯೊಡನೆ ತಾಯಿಯ ಕೈಗೆ ಕೊಡುವನು. ಅದನ್ನು ಸೆಗಣಿಯ ಮೇಲೆ ಇಡುವರು. ಇಷ್ಟಾದ ಮೇಲೆ ಕತ್ತಿಯ ಅಲಗನ್ನು ಒರೆಸಿ ಕ್ಷೌರಿಕನಿಗೆ ಒಪ್ಪಿಸುವುದು. ಅವನಿಗೆ ಹೇಳಬೇಕಾದ ಮಾತನ್ನೂ ಸೂತ್ರವು ಬಿಟ್ಟಿಲ್ಲ: ಬೆಚ್ಚಗಿನ ನೀರನ್ನು ಬಳಸು, ಗಾಯ ಮಾಡದೆ ಒಪ್ಪವಾಗಿ ಮುಗಿಸು ಎಂಬುದು ಅದರ ಭಾವ. ಧಾನ್ಯದ ಪಾತ್ರೆಗಳು ಅವನಿಗೇ ಸಲ್ಲತಕ್ಕವೆಂದು ಶಾಂಖಾಯನನು ವಿಧಿಸಿದ್ದಾನೆ.

ಈಗ ಅನೇಕ ಮನೆಗಳಲ್ಲಿ ಚೌಲವನ್ನು ಉಪನಯನದ ದಿನವೇ ಮುಗಿಸಿಬಿಡುವರು. ಎಷ್ಟೋ ಸಲ ಕ್ಷೌರ ಮಾಡಿಸಿಕೊಂಡ ಎಂಟು ಹತ್ತು ವರ್ಷದ ಹುಡುಗನಿಗೆ ಮೊದಲ ಕ್ಷೌರದ ಮಂತ್ರಗಳು! ಕರ್ಮವು ಉಳಿದಿದೆ, ಅದರ ಕಾಲವು ಕಳೆದುಹೋಗಿದೆ. ಬೋಳಿಸಿದರೆ ಕೂದಲು ದಟ್ಟವಾಗಿ ಬೆಳೆಯುವುದೆಂಬ ನಂಬಿಕೆಯಾದರೋ ಇನ್ನೂ ಗಟ್ಟಿ. ಕತ್ತಿ ತಾಕುವುದು ಚರ್ಮದ ಮೇಲೆ ಕಾಣುವ ಕೂದಲಿಗೆ ಮಾತ್ರ. ಬುಡಕ್ಕೆ ಅದರ ಸುದ್ದಿಯೇ ತಿಳಿಯದು. ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿ ಕ್ಷೌರವನ್ನೂ ಕೂದಲಿನ ಬೆಳವಣಿಗೆಯನ್ನೂ ಪರೀಕ್ಷಿಸಿ 1928ರಲ್ಲಿಯೇ ಇದನ್ನು ತೋರಿಸಿದ್ದಾರೆ.

ತಿರುಪತಿಯಲ್ಲಿಯೋ ಮನೆದೇವರ ಸನ್ನಿಧಿಯಲ್ಲಿಯೋ ಮುಡಿ ಕೊಡುವುದು ಇದರೊಡನೆ ಬೆರೆತುಹೋಗಿದೆ. ವಸ್ತುತಃ ಅವೆರಡೂ ಬೇರೆ. ಮುಡಿಯು ಹರಕೆ, ಅಲ್ಲಿ ಕೂದಲೇ ಕಾಣಿಕೆಯಾದುದರಿಂದ ಜುಟ್ಟನ್ನು ಉಳಿಸುವ ಮಾತಿಲ್ಲ. ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸುವ ವಾಡಿಕೆಯೂ ಹಲವು ಮನೆತನಗಳಲ್ಲುಂಟು. ಜಾತ್ರೆಯ ನೂಕುನುಗ್ಗಲಿನಲ್ಲಿ ಒಂದು ತಲೆಗೆ ತಾಕಿದ ಅಲಗು ಇನ್ನೊಂದಕ್ಕೆ ತಾಕಿದರೆ ರಕ್ತದ ಮೂಲಕ ರೋಗ ಹರಡಬಹುದು. ಆದುದರಿಂದ ಹೊಸ ಅಲಗನ್ನೇ ಕೇಳಿ ಪಡೆಯುವುದು ತಂದೆತಾಯಿಗಳ ಕೆಲಸ. ನೋಯಿಸಬೇಡವೆಂದು ಕತ್ತಿಗೆ ಹೇಳುತ್ತಿದ್ದವರು ಇದನ್ನು ಒಪ್ಪದಿರಲಾರರು.

ಹೆಣ್ಣುಮಗುವಿಗೂ ಚೌಲವುಂಟೆಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. ಕ್ರಿಯೆಯೆಲ್ಲವೂ ಹಾಗೆಯೇ, ಮಂತ್ರ ಮಾತ್ರ ಇಲ್ಲವೆಂದು ಆಶ್ವಲಾಯನನ ವಿಧಿ. ಕತ್ತಿಯ ಹರಿತವೇನೋ ಇಬ್ಬರಿಗೂ ಒಂದೇ. ಅದನ್ನು ಬೇಡಿಕೊಳ್ಳುವ ಮಾತು ಮಾತ್ರ ಗಂಡುಮಗುವಿಗೆ ಮೀಸಲಾಯಿತು. ಹರಕೆಯ ಮುಡಿಯಲ್ಲಿ ಈ ಭೇದವಿಲ್ಲ. ಅಣ್ಣತಂಗಿಯರಿಬ್ಬರೂ ಬೋಳುತಲೆಗೆ ಗಂಧವನ್ನು ಬಳಿಸಿಕೊಂಡು ಹೊರಬರುತ್ತಾರೆ.